ಟ್ಯೂಷನ್‌ಗೆ ಹಣ ಕೊಡುವ ಮುನ್ನ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)





ಜೂನ್ ತಿಂಗಳು ಬಂತೆಂದರೆ ನನ್ನ ಮನೆ ಬಾಗಿಲಿಗೆ ಬರುವ ಪೋಷಕರು ಕೇಳುವ ಪ್ರಶ್ನೆ ಒಂದೇ: "ಸರ್, ಮಗುವನ್ನು ಟ್ಯೂಷನ್‌ಗೆ ಹಾಕಬೇಕೇ, ಬೇಡವೇ?" ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನನಗೆ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಗೊತ್ತಿಲ್ಲ. ಆದರೆ ಉತ್ತರ ಹುಡುಕುವ ದಾರಿಯನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಇದು ಕೆಲವೇ ಮನೆಗಳ ಪ್ರಶ್ನೆಯಲ್ಲ. ಕೇಂದ್ರ ಸರಕಾರ 2025ರಲ್ಲಿ ನಡೆಸಿದ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಶಾಲಾ ಮಕ್ಕಳಲ್ಲಿ ಸುಮಾರು ಶೇ. 27 ಮಂದಿ ಖಾಸಗಿ ಟ್ಯೂಷನ್ ಪಡೆಯುತ್ತಿದ್ದಾರೆ. ನಗರಗಳಲ್ಲಿ ಈ ಪ್ರಮಾಣ ಶೇ. 30.7, ಹಳ್ಳಿಗಳಲ್ಲಿ ಶೇ. 25.5. ಅಂದರೆ ನಾಲ್ಕು ಮಕ್ಕಳಲ್ಲಿ ಒಬ್ಬರ ಮನೆಯವರು ಶಾಲೆಯ ಖರ್ಚಿನ ಮೇಲೆ ಇನ್ನೊಂದು ಶುಲ್ಕ ಕಟ್ಟುತ್ತಿದ್ದಾರೆ. ಬೀಡಿ ಕಟ್ಟುವ ತಾಯಿಗೂ, ಆಟೋ ಓಡಿಸುವ ತಂದೆಗೂ ಅದು ಸಣ್ಣ ಮೊತ್ತವಲ್ಲ.

ನನ್ನದೇ ಮನೆಯ ಕಥೆ ಹೇಳುತ್ತೇನೆ. ನನ್ನ ಮಗ ಹತ್ತನೇ ತರಗತಿಯಲ್ಲಿದ್ದಾಗ ಮೊದಲ ಪರೀಕ್ಷೆಯಲ್ಲೇ ಗಣಿತದಲ್ಲಿ ಫೇಲಾದ. ನಾನು ಗಾಬರಿಗೊಂಡು ಮನೆಯಾಕೆಯ ಎರಡು ಬಳೆ ಮಾರಿ, ಪೇಟೆಯ ಒಂದು ಟ್ಯೂಷನ್ ಕೇಂದ್ರಕ್ಕೆ ಇಡೀ ವರ್ಷದ ಶುಲ್ಕವನ್ನು ಒಂದೇ ಕಂತಿನಲ್ಲಿ ಕಟ್ಟಿದೆ. ಅಲ್ಲಿ ಒಂದು ಕೋಣೆಯಲ್ಲಿ ಅರುವತ್ತು ಮಕ್ಕಳು. ಶಾಲೆಯಲ್ಲಿ ಬೆಳಿಗ್ಗೆ ಮಾಡಿದ ಪಾಠವೇ ಸಂಜೆ ಇನ್ನೊಮ್ಮೆ. ಡಿಸೆಂಬರ್ ಬಂದರೂ ಅಂಕ ಮೇಲೇಳಲಿಲ್ಲ. ಆಗ ಬಿ.ಎಸ್ಸಿ. ಓದುತ್ತಿದ್ದ ನೆರೆಮನೆಯ ಹುಡುಗನೊಬ್ಬ ಅವನನ್ನು ಕೂರಿಸಿ ಎಂಟನೇ ತರಗತಿಯ ಲೆಕ್ಕ ಕೊಟ್ಟ. ಮಗ ಋಣ ಸಂಖ್ಯೆಗಳ ಗುಣಾಕಾರದಲ್ಲೇ ಎಡವಿದ. ಅಪವರ್ತಿಸುವುದಂತೂ ಬರುತ್ತಲೇ ಇರಲಿಲ್ಲ. ಅದು ಬಾರದವನಿಗೆ ಹತ್ತನೇ ತರಗತಿಯ ವರ್ಗ ಸಮೀಕರಣವನ್ನು ಎಷ್ಟು ಸಲ ಹೇಳಿದರೇನು? ಆ ಹುಡುಗ ನಲವತ್ತು ಸಂಜೆ ಹಳೆಯ ಪಾಠಗಳನ್ನೇ ಕಲಿಸಿದ. ಮಗ ಪಾಸಾದ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ ಎಂಟನೇ ತರಗತಿಯಲ್ಲಿದ್ದ ಮಗಳು, "ಉಪ್ಪಾ, ನನಗೂ ಇಂಗ್ಲಿಷ್‌ಗೆ ಟ್ಯೂಷನ್ ಬೇಕು" ಎಂದಿದ್ದಳು. ಕೈಯಲ್ಲಿದ್ದುದೆಲ್ಲ ಮುಗಿದಿತ್ತು. "ಮುಂದಿನ ವರ್ಷ ನೋಡೋಣ ಮಗಳೇ" ಎಂದೆ. ಆ ಮುಂದಿನ ವರ್ಷ ಬರಲೇ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದಾಗ ಅವಳು ಇಂಗ್ಲಿಷಿಗೆ ಹೆದರಿ ವಿಜ್ಞಾನ ವಿಭಾಗವನ್ನು ಬಿಟ್ಟಳು. ಮಗನಿಗೆ ಬೇಡದಿದ್ದ ಕಡೆ ಖರ್ಚು ಮಾಡಿ, ಮಗಳಿಗೆ ಬೇಕಿದ್ದುದನ್ನು ತಪ್ಪಿಸಿದೆ. ಇಂದಿಗೂ ಅದು ನನ್ನ ಎದೆಯ ಮೇಲಿನ ಭಾರ.

ಆದ್ದರಿಂದ ಹಣ ಕಟ್ಟುವ ಮುನ್ನ, ಮಗುವಿಗೆ ಇಲ್ಲದಿರುವುದು ಏನು ಎಂದು ಕೇಳಿಕೊಳ್ಳಿ. ಮೂರು ಬಗೆಯ ಕೊರತೆಗಳಿವೆ.

ಒಂದು, ಹಿಂದಿನ ಪಾಠದ ಕೊರತೆ. ಇದಕ್ಕೆ ದೊಡ್ಡ ಕೋಣೆಯ ಟ್ಯೂಷನ್ ಪ್ರಯೋಜನವಿಲ್ಲ. ಶಾಲೆಯ ಶಿಕ್ಷಕರನ್ನು ಭೇಟಿಯಾಗಿ ಉತ್ತರ ಪತ್ರಿಕೆ ನೋಡಿ. ಎಲ್ಲಿ ಮುಗ್ಗರಿಸುತ್ತದೆ ಎಂದು ತಿಳಿಯಿರಿ. ಕನ್ನಡ ಮಾಧ್ಯಮದಲ್ಲಿ ಹತ್ತರವರೆಗೆ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳಲ್ಲಿ ಎಷ್ಟೋ ಮಂದಿಗೆ ಭೌತಶಾಸ್ತ್ರ ಕಷ್ಟವಲ್ಲ, ಅದರ ಇಂಗ್ಲಿಷ್ ಕಷ್ಟ. ಅವರಿಗೆ ಬೇಕಾದದ್ದು ರಜೆಯಲ್ಲೇ ಆ ಪದಗಳ ಪರಿಚಯ. ಇಂತಹ ಕೊರತೆಗೆ ಒಬ್ಬೊಬ್ಬರನ್ನೇ ನೋಡಿ ಕಲಿಸುವವರು ಸಿಕ್ಕರೆ, ಕೆಲವು ತಿಂಗಳಿಗೆ ಹಣ ಕೊಡುವುದು ಸಾರ್ಥಕ.

ಎರಡು, ಜಾಗ ಮತ್ತು ಸಮಯದ ಕೊರತೆ. ಒಂದೇ ಕೋಣೆಯ ಮನೆ, ಟಿವಿ, ಚಿಕ್ಕ ಮಕ್ಕಳ ಅಳು. ಈ ಮಗುವಿಗೆ ಮೇಷ್ಟ್ರು ಬೇಡ, ಎರಡು ಗಂಟೆಯ ಮೌನ ಬೇಕು.

ಮೂರು, ನಮ್ಮದೇ ಭಯ. ಪಕ್ಕದ ಮನೆಯ ಮಗು ಹೋಗುತ್ತದೆ ಎಂಬ ಭಯ. ಗಲ್ಫ್‌ನಲ್ಲಿ ದುಡಿಯುವ ತಂದೆ, ಮಗುವಿನ ಬಳಿ ಇಲ್ಲವಲ್ಲ ಎಂಬ ನೋವಿನಿಂದ ಕಳುಹಿಸುವ ಹಣವೂ ಇದರಲ್ಲಿ ಸೇರಿದೆ. ಆ ನೋವು ಸತ್ಯ. ಆದರೆ "ಇವತ್ತು ಏನು ಕಲಿತೆ?" ಎಂದು ಫೋನಿನಲ್ಲಿ ದಿನವೂ ಹತ್ತು ನಿಮಿಷ ಕೇಳುವುದು ಆ ಹಣಕ್ಕಿಂತ ಹೆಚ್ಚು ಕೆಲಸ ಮಾಡೀತು.

ಸಮಯದ ಲೆಕ್ಕವನ್ನೂ ಹಾಕಿ. ನಮ್ಮ ಮಗು ಬೆಳಿಗ್ಗೆ ಮದ್ರಸಕ್ಕೆ ಹೋಗುತ್ತದೆ, ನಂತರ ಸಂಜೆಯವರೆಗೆ ಶಾಲೆ. ಅದರ ಮೇಲೆ ಎರಡು ಗಂಟೆ ಟ್ಯೂಷನ್. ತಾನೇ ಕುಳಿತು ಓದಲು, ಆಡಲು, ನಿದ್ರಿಸಲು ಏನು ಉಳಿಯಿತು? ಕೇಳಿದ್ದು ತನ್ನದಾಗುವುದು ತಾನೇ ಬರೆದು ನೋಡಿದಾಗ.

ಇನ್ನು ನೀಟ್, ಸಿಇಟಿ ಕೋಚಿಂಗ್ ವಿಚಾರ. ಇಲ್ಲಿ ಮೊತ್ತ ಲಕ್ಷಗಳನ್ನು ಮುಟ್ಟುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದರಂತೆ 16 ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದು. ರ‍್ಯಾಂಕಿನ ಖಾತರಿ ಕೊಡಬಾರದು. ಪೂರ್ತಿ ಶುಲ್ಕ ಕಟ್ಟಿದವರು ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನಗಳೊಳಗೆ ಮರಳಿಸಬೇಕು. ಇದನ್ನು ತಿಳಿದುಕೊಂಡೇ ಕೇಂದ್ರಕ್ಕೆ ಹೋಗಿ. ಕಂತಿನಲ್ಲಿ ಕಟ್ಟಲು ಬಿಡುತ್ತಾರೆಯೇ, ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಕಳೆದ ವರ್ಷ ಸೇರಿದವರೆಷ್ಟು, ಅವರಲ್ಲಿ ಸೀಟು ಪಡೆದವರೆಷ್ಟು ಎಂದು ಕೇಳಿ. ಫ್ಲೆಕ್ಸ್‌ನಲ್ಲಿ ನಗುವ ಹತ್ತು ಮುಖ ಮಾತ್ರ ನೋಡಬೇಡಿ. ಐಐಟಿ ಕಾನ್ಪುರದ ನೆರವಿನಿಂದ ಸರಕಾರ 2023ರಲ್ಲಿ ಆರಂಭಿಸಿದ 'ಸಾಥಿ' ಎಂಬ ಜಾಲತಾಣದಲ್ಲಿ ಪ್ರವೇಶ ಪರೀಕ್ಷೆಗಳ ಪಾಠ ಉಚಿತವಾಗಿ ಸಿಗುತ್ತದೆ. ಮೊದಲು ಅದನ್ನು ಪ್ರಯತ್ನಿಸಲಿ. ಬಡ್ಡಿ ಹರಾಮ್ ಎಂದು ನಂಬಿದ ನಾವೇ ಕೋಚಿಂಗ್‌ಗಾಗಿ ಬಡ್ಡಿಯ ಸಾಲಕ್ಕೆ ಇಳಿಯುವಂತಾಗಬಾರದು.

ಮತ್ತೊಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ತರಗತಿಯಲ್ಲಿ ಅರ್ಧ ಹೇಳಿ ಉಳಿದರ್ಧಕ್ಕೆ ಮನೆಗೆ ಕರೆಯುವವರಿದ್ದರೆ ಅವರಿಗೆ ಹಣ ಕೊಡಬೇಡಿ. ನಾಲ್ಕು ಜನ ಪೋಷಕರು ಸೇರಿ ಶಾಲಾಭಿವೃದ್ಧಿ ಸಮಿತಿಯಲ್ಲಿ ಮಾತನಾಡಿ. ಶಾಲೆ ಸರಿಯಾದರೆ ಟ್ಯೂಷನ್‌ಗೆ ಹಣವಿಲ್ಲದ ಮಗುವಿಗೂ ಲಾಭ.

ಬಂಧುಗಳೇ, ಬದ್ರ್ ಯುದ್ಧದ ಕೈದಿಗಳ ಪ್ರಸಂಗ ನಮಗೆಲ್ಲ ಗೊತ್ತಿದೆ. ಬಿಡುಗಡೆಯ ಹಣ ಕೊಡಲಾಗದ, ಆದರೆ ಅಕ್ಷರ ಬಲ್ಲ ಕೈದಿಗಳು ಮದೀನಾದ ತಲಾ ಹತ್ತು ಮಕ್ಕಳಿಗೆ ಓದು ಬರಹ ಕಲಿಸಿದರೆ ಬಿಡುಗಡೆ ಎಂದು ಪ್ರವಾದಿಯವರು (ಸ) ನಿಗದಿಪಡಿಸಿದ್ದರು. ಆ ಮಕ್ಕಳ ತಂದೆತಾಯಿ ಶುಲ್ಕ ಕೊಡಲಿಲ್ಲ. ಇಡೀ ಸಮುದಾಯವೇ ತನಗೆ ಬರಬೇಕಾದ ಹಣವನ್ನು ಬಿಟ್ಟುಕೊಟ್ಟು ಮಕ್ಕಳಿಗೆ ಕಲಿಸಿತು. ಒಬ್ಬರಿಗೆ ಹತ್ತೇ ಮಕ್ಕಳು ಎಂಬುದನ್ನೂ ಗಮನಿಸಿ.

ನಮ್ಮ ಸಂಘಕ್ಕೆ ನನ್ನ ವಿನಂತಿ ಇಷ್ಟೇ. ಮದ್ರಸದ ಕೋಣೆ ಸಂಜೆ ಖಾಲಿ ಇರುತ್ತದೆ. ಮಗ್ರಿಬ್ ನಂತರ ಎರಡು ಗಂಟೆ ಅದನ್ನು ತೆರೆಯೋಣ. ಹುಡುಗಿಯರಿಗೆ ಅನುಕೂಲದ ಬೇರೆ ಸಮಯ ಇಡೋಣ. ಹಳೆಯ ಪ್ರಶ್ನೆ ಪತ್ರಿಕೆ, ಪಠ್ಯಪುಸ್ತಕ ಅಲ್ಲಿರಲಿ. ಸಂಘದ ವಿದ್ಯಾರ್ಥಿವೇತನ ಪಡೆದ ಕಾಲೇಜು ವಿದ್ಯಾರ್ಥಿಗಳು ವಾರಕ್ಕೆ ಎರಡು ಸಂಜೆ ತಲಾ ಹತ್ತು ಮಕ್ಕಳಿಗೆ ಕಲಿಸಲಿ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಏನು ಅರ್ಥವಾಗಲಿಲ್ಲ ಎಂದು ಮನೆಯಲ್ಲಿ ನಾಚದೆ ಹೇಳಿ. ನನ್ನ ಮಗ ಎರಡು ವರ್ಷ ಅದನ್ನು ಮುಚ್ಚಿಟ್ಟಿದ್ದ, ನಾನೂ ಕೇಳಿರಲಿಲ್ಲ. ತಾಯಂದಿರೇ, ತಂದೆಯರೇ, ಮಗನಿಗೆ ಶುಲ್ಕ ಕಟ್ಟುವ ದಿನ ಮಗಳನ್ನೂ ಕರೆದು, "ನಿನಗೇನು ಬೇಕು?" ಎಂದು ಕೇಳಿ. ನನ್ನಂತೆ ಮುಂದಿನ ವರ್ಷಕ್ಕೆ ದೂಡಬೇಡಿ.

ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ಹೆಚ್ಚಿಸಲಿ, ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್. ವಸ್ಸಲಾಂ.