ಹೃದಯದ ಬೇನೆ, ಪಾರ್ಶ್ವವಾಯು: ಹೆಣ್ಣು, ಗಂಡು, ವಯಸ್ಸು

ಹೃದಯಾಘಾತವೆಂಬುದು ಗಂಡಸರ ಬೇನೆ, ಅದೂ ಪಟ್ಟಣದ ಗಂಡಸರದು, ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಇದರಲ್ಲಿ ಅರ್ಧ ಸತ್ಯವುಂಟು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಂತೆ, ಮೊದಲ ಆಘಾತವು ಹೆಂಗಸರಿಗೆ ಗಂಡಸರಿಗಿಂತ ಸುಮಾರು 9 ವರ್ಷ ತಡವಾಗಿ ಬರುತ್ತದೆ. ನಮ್ಮ ದಕ್ಷಿಣ ಏಷ್ಯದವರಿಗೆ ಅದು ಉಳಿದವರಿಗಿಂತ ಐದಾರು ವರ್ಷ ಮೊದಲೇ ಬಂದೊದಗುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅಗಲಿದಾಗ ಅವರಿಗೆ 46 ವರ್ಷ.

ಆದರೆ ಬೇನೆ ಯಾರಿಗೆ ಮೊದಲು ಬರುತ್ತದೆಂಬುದು ಒಂದು ಪ್ರಶ್ನೆ. ಬಂದ ಮೇಲೆ ಯಾರು ಬದುಕಿ ಉಳಿಯುತ್ತಾರೆಂಬುದು ಮತ್ತೊಂದು. 1999ರಲ್ಲಿ ಅಮೆರಿಕದ ವಿದ್ವಾಂಸರು ಪ್ರಕಟಿಸಿದ ಲೆಕ್ಕವೊಂದು ವೈದ್ಯರನ್ನೇ ಬೆರಗುಗೊಳಿಸಿತು. ಹೃದಯಾಘಾತವಾಗಿ ಆಸ್ಪತ್ರೆ ಸೇರಿದ 50ರೊಳಗಿನ ಹೆಂಗಸರಲ್ಲಿ ಸಾವಿನ ಪ್ರಮಾಣ ಅದೇ ವಯಸ್ಸಿನ ಗಂಡಸರ ಎರಡರಷ್ಟನ್ನು ಮೀರಿತ್ತು! ವಯಸ್ಸು ಏರಿದಂತೆ ಈ ಅಂತರ ಕುಗ್ಗುತ್ತ ಬಂದು, 75ರ ಸುಮಾರಿಗೆ ಇಲ್ಲವಾಯಿತು. ಸಕ್ಕರೆ ಬೇನೆಯಂಥ ಬೇರೆ ಕಾಯಿಲೆಗಳು ಇದರ ಒಂದು ಭಾಗವನ್ನು ಮಾತ್ರ ವಿವರಿಸುತ್ತವೆ.

ಉಳಿದುದರಲ್ಲಿ ಬಹುಪಾಲು ತಡ ಮಾಡುವುದರಿಂದಲೇ ಎಂದು ನನಗೆ ತೋರುತ್ತದೆ. ಬಬಲೇಶ್ವರ ಸೀಮೆಯ ನಿಡೋಣಿಯಂಥ ಊರಿನಲ್ಲಿ ರೊಟ್ಟಿ ಬಡಿಯುತ್ತಿರುವ ತಾಯಿಗೆ ಎದೆ ಬಿಗಿದು, ಬೆನ್ನು ದವಡೆ ನೋಯ್ದು, ಬೆವರಿ ವಾಕರಿಕೆ ಬಂದರೆ ಮನೆಯವರ ಮಾತು ಸಾಮಾನ್ಯವಾಗಿ ಒಂದೇ: "ಪಿತ್ತ ಆಗೇದ, ಸೋಡಾ ಕುಡಿ." ಅದೇ ಬೇನೆ ಯಜಮಾನರಿಗಾದರೆ ಕೂಡಲೇ ಗಾಡಿ ಬರುತ್ತದೆ. ಹೆಂಗಸರಿಗೂ ಎದೆನೋವೇ ಮುಖ್ಯ ಲಕ್ಷಣ; ಅದರ ಸಂಗಡ ದಣಿವು, ಉಬ್ಬಸ, ವಾಕರಿಕೆ ಹೆಚ್ಚಾಗಿ ಸೇರಿಕೊಂಡು ದಾರಿ ತಪ್ಪಿಸುತ್ತವೆ, ಅಷ್ಟೆ. ಪುನೀತರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಜಯದೇವ ಸಂಸ್ಥೆಯಂಥ ಕೇಂದ್ರಗಳ ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಕೊಡುವ ಏರ್ಪಾಡಿದೆ. ಆದರೆ ಒಲೆಯ ಮುಂದಿನಿಂದ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಮನೆಯವರದೇ.

ಪಾರ್ಶ್ವವಾಯುವಿನ ಕಥೆ ತುಸು ಬೇರೆ. ಇದು ಹೆಂಗಸರಿಗೆ ಬರುವುದು ಹೆಚ್ಚಾಗಿ ಇಳಿವಯಸ್ಸಿನಲ್ಲಿ. ಅದರಿಂದಲೇ ಬದುಕಿ ಉಳಿದರೂ ಪರಾವಲಂಬಿಗಳಾಗುವವರು ಅವರಲ್ಲಿ ಹೆಚ್ಚು. ಮುಖ ಸೊಟ್ಟಾಗುವುದು, ಕೈ ಜೋಲುವುದು, ಮಾತು ತೊದಲುವುದು ಇದರ ಗುರುತುಗಳು. ಮಿದುಳಿನ ಸ್ಕ್ಯಾನ್ ಮಾಡಿ, ರಕ್ತಸ್ರಾವವಲ್ಲವೆಂದು ಖಚಿತಪಡಿಸಿಕೊಂಡು ಹೆಪ್ಪು ಕರಗಿಸುವ ಮದ್ದು ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಅವಧಿಯಷ್ಟೇ ಉಂಟು. ಒಂಟಿಯಾಗಿ ಮಲಗುವ ಮುದುಕಿಯೊಬ್ಬಳು ಬೆಳಗ್ಗೆ ಕೈ ಬಿದ್ದು ಎಚ್ಚರಗೊಂಡರೆ ವೈದ್ಯರು ಗಂಟೆ ಎಣಿಸುವುದು ಎಚ್ಚರವಾದ ಹೊತ್ತಿನಿಂದಲ್ಲ, ಆಕೆ ನೆಟ್ಟಗಿದ್ದುದನ್ನು ಯಾರಾದರೂ ಕಡೆಯ ಸಲ ಕಂಡ ಹೊತ್ತಿನಿಂದ.