ಮಡ್ಡಿಯೂ ನಮ್ಮದೇ, ಎರಿಯೂ ನಮ್ಮದೇ



ಹವಾಯಿ ದ್ವೀಪದಲ್ಲಿ 1916ರಿಂದಲೂ ಜ್ವಾಲಾಮುಖಿಗಳ ರಾಷ್ಟ್ರೀಯ ಉದ್ಯಾನವಿದೆ. ಲಾವಾ ಹರಿದು ಕಪ್ಪಾದ ಬಯಲು, ಪಕ್ಕದಲ್ಲೇ ಹಸಿರು ಕಾಡು, ಕೆಳಗೆ ಕಡಲು. ಇದನ್ನೆಲ್ಲ ನೋಡಲು ದೇಶ ದೇಶದ ಜನ ಅಲ್ಲಿಗೆ ಹೋಗುತ್ತಾರೆ. ಬೆಂಕಿಯಿಂದ ಹುಟ್ಟಿದ ನೆಲ ನಮ್ಮ ವಿಜಯಪುರ ಜಿಲ್ಲೆಯಲ್ಲೂ ಇದೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾ ಪದರ ಪದರವಾಗಿ ಹರಡಿತು. ಅದು ಆರಿ ಕಲ್ಲಾದ ಸೀಮೆ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಇದೆ. ಅದರ ದಕ್ಷಿಣದ ಅಂಚು ನಮ್ಮ ಜಿಲ್ಲೆಯ ತಾಲ್ಲೂಕುಗಳಲ್ಲಿದೆ. ಗೋಳಗುಮ್ಮಟದ ಕರಿಕಲ್ಲೂ ಅದೇ ಲಾವಾ.

ಭೀಮೆಯ ಕಡೆಯಿಂದ ಹೊರಡಿ. ಇಂಡಿಯಲ್ಲಿ ಲಿಂಬೆಯ ತೋಟಗಳು. ಸಿಂದಗಿಯಲ್ಲಿ ಕಣ್ಣು ಹರಿಯುವಷ್ಟು ದೂರ ತೊಗರಿ, ಬಿಳಿಜೋಳ. ಬಸವನ ಬಾಗೇವಾಡಿಯ ಸೀಮೆಯಲ್ಲಿ ಡೋಣಿಯ ಕಣಿವೆ. ಹೊಳೆಯ ನೀರು ಉಪ್ಪು, ದಂಡೆಯ ಎರಿ, ಅಂದರೆ ಕಪ್ಪು ಮಣ್ಣು, ಮಾತ್ರ ಬಂಗಾರ. ಮುದ್ದೇಬಿಹಾಳದ ಕಡೆ ಇಳಿದರೆ ಲಾವಾ ಮುಗಿದು, ಅದಕ್ಕಿಂತ ಎಷ್ಟೋ ಹಳೆಯ ತಾಳಿಕೋಟಿಯ ಸುಣ್ಣಕಲ್ಲು ಹೊರಬೀಳುತ್ತದೆ. ಆಚೆ ಕೃಷ್ಣೆ. ಆಲಮಟ್ಟಿಯ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ.

ಇಷ್ಟಿದ್ದರೂ ಕಲ್ಲು ಹೆಚ್ಚಿರುವ ತೆಳುಮಣ್ಣಿನ ಮಡ್ಡಿ ಅಂದರೆ ನಮಗೆ ಅಸಡ್ಡೆ. ಎರಿ ಹೊಲ ಉಳ್ಳವನಿಗೆ ಮರ್ಯಾದೆ, ಮಡ್ಡಿ ಹೊಲದವನಿಗೆ ಮರುಕ. ಆದರೆ ಹಳೆಯ ಬಾವಿಯೊಂದರ ಗೋಡೆ ನೋಡಿ: ಮೇಲೆ ಎರಿ, ನಡುವೆ ಗರಸು, ಬುಡದಲ್ಲಿ ಕರಿಬಂಡೆ. ಬಂಡೆ ಬಿಸಿಲು ಮಳೆಗೆ ಕರಗಿ ಗರಸಾಯಿತು, ಗರಸು ಮಾಗಿ ಮಣ್ಣಾಯಿತು, ಮಳೆ ಅದನ್ನು ತಗ್ಗಿಗೆ ಒಯ್ದು ಪೇರಿಸಿತು. ಮಡ್ಡಿ ಮತ್ತು ಎರಿ ಒಂದೇ ಬೆಂಕಿಯ ಎರಡು ವಯಸ್ಸು. ಹಿಂಗಾರಿ ಜೋಳ ಬಿತ್ತಿದ ಮೇಲೆ ಒಂದು ಹನಿ ಮಳೆ ಇಲ್ಲದೆಯೂ ತೆನೆ ಹಿಡಿಯುವುದು, ಆ ಎರಿ ತನ್ನೊಳಗೆ ಹಸಿ ಹಿಡಿದಿಟ್ಟುಕೊಂಡಿದ್ದರಿಂದ.

ಮಡ್ಡಿ ಬರಡೂ ಅಲ್ಲ. ಅಲ್ಲಿನ ಹುಲ್ಲು ಕುರಿಗೆ ಮೇವು, ಚಿಗರಿಗೆ ಬಯಲು, ಗೌಜಲ ಹಕ್ಕಿಗೆ ಗೂಡು. ಅದನ್ನು ಮನಸ್ಸಿಗೆ ಬಂದಂತೆ ಅಗೆದರೆ, ಕಸ ಸುರಿದರೆ, ಈ ಜೀವಗಳಿಗೆ ಬೇರೆ ಜಾಗವಿಲ್ಲ.

ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು; ಒಡ್ಡು ಒಡೆದ ಹೊಲದಿಂದ ಅದು ಕೊಚ್ಚಿಹೋಗಲು ಕೆಲವು ದೊಡ್ಡ ಮಳೆ ಸಾಕು. ಆದ್ದರಿಂದ ಮುಂಗಾರಿಗೆ ಮೊದಲೇ ಒಡ್ಡು ಕಟ್ಟೋಣ, ಮಡ್ಡಿಯ ಹುಲ್ಲನ್ನು ಉಳಿಸೋಣ. ಬರುವ ರಜೆಯಲ್ಲಿ ಮಕ್ಕಳನ್ನು ಭೀಮೆಯಿಂದ ಕೃಷ್ಣೆಯವರೆಗೆ ಕರೆದೊಯ್ದು ಈ ನೆಲದ ವಯಸ್ಸು ತಿಳಿಸೋಣ. ನೆಲದ ಬೆಲೆ ಎಕರೆಯ ದರದಲ್ಲಷ್ಟೇ ಇಲ್ಲವೆಂದು ಚಿಕ್ಕಂದಿನಲ್ಲೇ ಕಲಿತವರು ಅದನ್ನು ಹಾಳುಮಾಡಲು ಹಿಂಜರಿಯುತ್ತಾರೆ.