ಮನೆಯಿಂದ ಬೇಸಿನವರೆಗಿನ ದಾರಿ

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆಯವರಿಗೆ ವಿಮಾನವೆಂದರೆ ಈಗ ಅಂಥ ಬೆರಗೇನೂ ಇಲ್ಲ. ಚಳ್ಳಕೆರೆಯ ಬಳಿಯೇ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ಆದರೆ ಅಲ್ಲಿಂದ ಪ್ರಯಾಣಿಕರ ವಿಮಾನ ಹೊರಡುವುದಿಲ್ಲ. ಈ ಊರಿನ ಹುಡುಗನೊಬ್ಬ ಹತ್ತಾರು ಲಕ್ಷ ಸಾಲ ಮಾಡಿ ಪೈಲಟ್ ಆದನೆಂದು ಭಾವಿಸೋಣ. ಅವನು ಯಾವ ಕೆಲಸ ಒಪ್ಪಬೇಕು?

ಮನೆಯವರು ಮೊದಲು ಕೇಳುವುದು ಸಂಬಳವೆಷ್ಟು ಎಂದು. ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಡ್ಯೂಟಿ ಶುರುವಾಗುವುದು ಯಾವ ಊರಿನಿಂದ? ಆ ಊರಿಗೆ ಪೈಲಟ್‌ಗಳು 'ಬೇಸ್' ಎನ್ನುತ್ತಾರೆ. ಮನೆ ಎಲ್ಲಿಯೇ ಇರಲಿ, ಬೇಸಿಗೆ ಹೊತ್ತಿಗೆ ಸರಿಯಾಗಿ ಹಾಜರಾಗುವುದು ಅವರದೇ ಹೊಣೆ.

ಬೆಂಗಳೂರು–ಹುಬ್ಬಳ್ಳಿಯಂಥ ಹತ್ತಿರದ ಊರುಗಳ ನಡುವೆ 2003ರಲ್ಲಿ ಏರ್ ಡೆಕ್ಕನ್, 2019ರಲ್ಲಿ ಸ್ಟಾರ್ ಏರ್ ಹಾರಾಟ ಆರಂಭಿಸಿದವು. ಇಂಥ ಸಣ್ಣ ಮಾರ್ಗಗಳ ಪೈಲಟ್ ಒಂದೇ ದಿನದಲ್ಲಿ ಹಲವು ಸಲ ಏರಿ ಇಳಿಯಬೇಕು. ಬೆಳಗಿನ ಆರಕ್ಕೆ ವಿಮಾನವಿದ್ದರೆ ಐದರ ಸುಮಾರಿಗೆ ದೇವನಹಳ್ಳಿಯಲ್ಲಿರಬೇಕು. ಪರಶುರಾಂಪುರದಿಂದ ಚಳ್ಳಕೆರೆ, ಹಿರಿಯೂರು, ಸಿರಾ, ತುಮಕೂರು ದಾಟಿ ಬರುವವನು ಹಿಂದಿನ ರಾತ್ರಿಯೇ ಬಸ್ ಹತ್ತಬೇಕು. ಬಸ್ಸಿನ ಸೀಟಿನಲ್ಲಿ ತೂಕಡಿಸಿದ್ದನ್ನು ನಿದ್ದೆ ಎನ್ನಲಾದೀತೇ?

ಕಾನೂನು ಏನು ಹೇಳುತ್ತದೆ? ಸಂಸ್ಥೆಯೇ ಪೈಲಟ್‌ನನ್ನು ಇನ್ನೊಂದು ಊರಿಗೆ ಪ್ರಯಾಣಿಕನಾಗಿ ಕಳುಹಿಸಿದರೆ ಅದು ಡ್ಯೂಟಿಯ ಲೆಕ್ಕಕ್ಕೆ ಬರುತ್ತದೆ. ಅವನು ತನ್ನ ಮನೆಯಿಂದ ಬೇಸಿಗೆ ಬಂದರೆ ಬರುವುದಿಲ್ಲ. ದೇಹಕ್ಕೆ ಮಾತ್ರ ಎರಡೂ ದಣಿವೇ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2025ರ ಜುಲೈಯಿಂದ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿತು. ಊರಿಗೆ ಹೋಗಲು ಆರು ಗಂಟೆ, ಮರಳಲು ಆರು ಗಂಟೆ ಹಿಡಿಯಿತೆನ್ನಿ. ಕಾನೂನು ಕೊಟ್ಟ ಆ ಹನ್ನೆರಡು ಗಂಟೆ ರಸ್ತೆಯ ಪಾಲಾಯಿತು!

ಇದು ಬರೀ ಅನುಕೂಲದ ಮಾತಲ್ಲ. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆಯ ವಿಮಾನ ಬಿದ್ದು 50 ಮಂದಿ ಸತ್ತರು. ಸಹ ಪೈಲಟ್ ಪಶ್ಚಿಮ ಕರಾವಳಿಯ ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಪೂರ್ವದ ನೆವಾರ್ಕ್ ಬೇಸಿಗೆ ಬಂದಿದ್ದರು. ಕ್ಯಾಪ್ಟನ್ ತಪ್ಪಾಗಿ ವಿಮಾನ ನಿಯಂತ್ರಿಸಿದ್ದೇ ಕಾರಣವೆಂದು ತನಿಖೆ ತೀರ್ಮಾನಿಸಿತು. ಜೊತೆಗೆ, ಇಬ್ಬರೂ ಬಳಲಿದ್ದಿರಬೇಕು, ಆದರೆ ಆ ಬಳಲಿಕೆಯ ಪಾಲೆಷ್ಟೆಂದು ಖಚಿತವಾಗಿ ಹೇಳಲಾಗದು ಎಂದಿತು.

ಹಾಗಾದರೆ ಕಡಿಮೆ ಸಂಬಳವಾದರೂ ಹತ್ತಿರದ ಬೇಸೇ ಮೇಲೇ? ಬಹಳ ಸಲ ಹೌದು. ದೂರದ ಬೇಸಿನ ಹೆಚ್ಚುವರಿ ಹಣದಲ್ಲಿ ಕೋಣೆಯ ಬಾಡಿಗೆ, ಓಡಾಟದ ಖರ್ಚು ಕಳೆದು ಉಳಿಯುವುದೆಷ್ಟು ಎಂದು ನೋಡಬೇಕು. ಹಾಗೆಂದು ಹತ್ತಿರದ ಬೇಸೂ ಶಾಶ್ವತವಲ್ಲ. ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರ್ ಜೊತೆ ವಿಲೀನವಾಯಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. ಇನ್ನು ಬೇಡವೆನಿಸಿದ ದಿನವೇ ಕೆಲಸ ಬಿಡುವಂತೆಯೂ ಇಲ್ಲ. 2017ರ ನಿಯಮ ಸಹ ಪೈಲಟ್‌ಗೆ ಆರು ತಿಂಗಳ, ಕ್ಯಾಪ್ಟನ್‌ಗೆ ಒಂದು ವರ್ಷದ ನೋಟಿಸ್ ವಿಧಿಸಿತು.

ಆದ್ದರಿಂದ ಸಹಿ ಹಾಕುವ ಮೊದಲೇ ಕೇಳಿ ತಿಳಿಯಿರಿ. ರಜೆಗಳು ಒಟ್ಟಿಗೆ ಸಿಗುತ್ತವೆಯೇ? ಕರೆ ಬಂದರೆ ಎಷ್ಟು ಹೊತ್ತಿನಲ್ಲಿ ಹಾಜರಾಗಬೇಕು? ಬೇಸ್ ಬದಲಿಸುವ ಅಧಿಕಾರ ಯಾರದು? ಬೇಸ್ ದೂರವಾದರೆ ಅಲ್ಲೊಂದು ಕೋಣೆ ಹಿಡಿದು, ಮೂರು ನಾಲ್ಕು ದಿನ ರಜೆ ಕೂಡಿದಾಗಷ್ಟೇ ಊರಿಗೆ ಬನ್ನಿ.

ಹಿರಿಯರಲ್ಲೂ ಒಂದು ವಿನಂತಿ. ವಾರಕ್ಕೊಮ್ಮೆ ಮಗ ಮನೆಗೆ ಬರಲಿಲ್ಲವೆಂದು ನೊಂದುಕೊಳ್ಳಬೇಡಿ. ದೇವನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಅವನು ಕಣ್ತುಂಬ ಮಲಗಿದರೆ, ಮರುದಿನ ಅವನ ವಿಮಾನದಲ್ಲಿ ಕೂರುವ ಎಪ್ಪತ್ತು ಜನರ ಮನೆಯವರೂ ನೆಮ್ಮದಿಯಾಗಿರುತ್ತಾರೆ.